ಕರುಣಮ್ಮನವರು ಕಂಡ ಅರ್ಥ

ಆ ಶಬ್ದದ ಅರ್ಥ ಕಂಡುಹಿಡಿದವರು ನೀವು, ಕರುಣಮ್ಮ. ನಾನಲ್ಲ. ನಿಮ್ಮ ಮಾತು ಸರಿ ಎಂದು ಗೊತ್ತಿದ್ದೂ ಸಮಿತಿಯ ಮುಂದೆ ಅದನ್ನು ತಳ್ಳಿಹಾಕಿದೆ — ಆಮೇಲೆ ಅದನ್ನೇ ನನ್ನದೆಂದು ಬರೆದೆ.

ಸ್ವಾತಂತ್ರ್ಯ ಬಂದ ವರ್ಷ ಹಿರಿಯೂರು ಬಿಟ್ಟು ದೇವಶಾಸ್ತ್ರ ಓದಲು ಹೋದವನು ನಾನು. ಹೀಬ್ರೂ, ಅರಮಾಯಿಕ್, ಸಿರಿಯಾಕ್ — ಬೈಬಲ್ ಓದಿಗೆ ಬೇಕಾದ ಹಳೆಯ ಭಾಷೆಗಳನ್ನು ಒಂದಾದ ಮೇಲೊಂದು ಕಲಿತೆ. ಚಿತ್ರದುರ್ಗಕ್ಕೆ ಮರಳಿ ನೆಲೆಸಿದಾಗ ಈ ಸೀಮೆಯಲ್ಲಿ ನನ್ನ ಮಾತಿಗೆ ಎದುರಾಡುವವರು ಇರಲಿಲ್ಲ. ಅದೇ ನನ್ನನ್ನು ಕೆಡಿಸಿತೇನೋ — ಇಲ್ಲ, ಹಾಗೆಂದು ಜಾರಿಕೊಳ್ಳಬಾರದು.

ನೀವು ಜವನಗೊಂಡನಹಳ್ಳಿಯ ಶಾಲೆಯಲ್ಲಿ ಟೀಚರ್. ಆರು ವರ್ಷ, ಪ್ರತಿ ಶನಿವಾರ, ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ನಮ್ಮ ಮನೆಗೆ ಬಂದು ಹೀಬ್ರೂ ಕಲಿತಿರಿ. ಬೈಬಲಿನ ಹೊಸ ಕನ್ನಡ ಅನುವಾದದ ಸಮಿತಿಗೆ ಒಬ್ಬ ಸಹಾಯಕರು ಬೇಕಾದಾಗ ನಿಮ್ಮ ಹೆಸರು ಸೂಚಿಸಿದವನೂ ನಾನೇ. ಪರೀಕ್ಷೆಗೆಂದು ದೇವರನ್ನು ಕುರುಬನಿಗೆ ಹೋಲಿಸುವ ಕೆಲವು ಸಾಲುಗಳನ್ನು ನಿಮಗೆ ಅನುವಾದಿಸಲು ಕೊಟ್ಟಿದ್ದರು. ಮರಿಗಳನ್ನು ಎದೆಗವಚಿಕೊಂಡು ನಡೆಯುವ ಕುರುಬ, ಅವನು ಮೆಲ್ಲಗೆ ನಡೆಸುವ ಕುರಿಗಳು. ಆ ಕುರಿಗಳನ್ನು ನಾನು ಹಿಂದೆಯೇ ಅಚ್ಚಾಗಿದ್ದ ನನ್ನ ಪುಸ್ತಕದಲ್ಲಿ ‘ಗಬ್ಬದ ಕುರಿ’ ಎಂದು ಬರೆದಿದ್ದೆ. ನೀವು ‘ಹಾಲೂಡಿಸುವ ಕುರಿ’ ಎಂದು ಬರೆದು, ಸಮಿತಿಗೆ ಕೊಡುವ ಮುಂಚೆ ನನಗೆ ತೋರಿಸಿದಿರಿ.

“ಮರಿ ಎತ್ಕಂಡೋರ ಹಿಂದೆ ತಾಯಿ ತಾನಾಗೇ ಬರ್ತೈತೆ ಸಾರ್. ನಮ್ಮೂರ ಕುರಿ ಕಾಯೋರು ದಿನಾ ಹಂಗೇ ನಡಸ್ತಾರೆ. ಮೂಲದ ಶಬ್ದಾನೂ ಹಂಗೇ ಹೇಳ್ತೈತೆ, ನೋಡ್ರಿ.”

ನೀವು ಹೋದ ಮೇಲೆ ನಿಘಂಟು ತೆಗೆದು ನೋಡಿದೆ. ಆ ಧಾತುವಿಗೆ ಹಾಲೂಡಿಸು ಎಂದೇ ಅರ್ಥ. ಗಬ್ಬದ ಮಾತೇ ಅಲ್ಲಿರಲಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವನು ನಾನು, ಹಳೆಯ ಅನುವಾದಗಳನ್ನು ನಂಬಿ ಅದನ್ನು ನೋಡಿಯೇ ಇರಲಿಲ್ಲ.

ಮರುವಾರ ಸಮಿತಿ ಸೇರಿತು. ನೀವು ಹೊರಗೆ ಬೆಂಚಿನ ಮೇಲೆ ಕುಳಿತಿದ್ದಿರಿ. ಅಧ್ಯಕ್ಷರು ನಿಮ್ಮ ಹಾಳೆಯನ್ನು ನನ್ನತ್ತ ಸರಿಸಿ, “ಇದು ನಿಮ್ಮ ಪುಸ್ತಕಕ್ಕೇ ವಿರುದ್ಧ ಐತಲ್ರಿ, ಏನ್ ಹೇಳ್ತೀರಿ?” ಎಂದರು.

“ಟೀಚರಮ್ಮನ ಊಹೆ ಅದು. ಆಧಾರ ಇಲ್ಲ,” ಎಂದೆ.

ಅಷ್ಟೇ. ಕೆಲಸ ಬೇರೆಯವರಿಗೆ ಹೋಯಿತು. ಹೊರಗೆ ಬಂದಾಗ ನೀವು ಎದ್ದು ನಿಂತು ನನ್ನ ಮುಖ ನೋಡಿದಿರಿ. ಸಮಿತಿಯವರು ಒಪ್ಪಲಿಲ್ಲ ಎಂದೆ — ಸಮಿತಿಯವರು. ಮುಂದಿನ ಶನಿವಾರ ನೀವು ಬರಲಿಲ್ಲ, ಅದರ ಮುಂದಿನ ಶನಿವಾರವೂ ಇಲ್ಲ. ನಾನು ಒಂದು ಕಾಗದವನ್ನೂ ಬರೆಯಲಿಲ್ಲ.

ಹನ್ನೊಂದು ವರ್ಷದ ನಂತರ ಆ ಶಬ್ದದ ಮೇಲೆ ಲೇಖನ ಬರೆದೆ. ನಿಮ್ಮ ಅರ್ಥ, ನಿಮ್ಮೂರ ಕುರಿಗಳು, ಮರಿ ಎತ್ತಿಕೊಂಡವನ ಹಿಂದೆ ನಡೆಯುವ ತಾಯಿ — ಎಲ್ಲವೂ ಇತ್ತು. ನಿಮ್ಮ ಹೆಸರೊಂದೇ ಇರಲಿಲ್ಲ. ದೂರದ ವಿದ್ವಾಂಸರೂ ಮೆಚ್ಚಿದರು. ದುರ್ಗದಲ್ಲಿ ನನಗೆ ಶಾಲು ಹೊದಿಸಿದ ದಿನ ಜನರೆಲ್ಲ ಚದುರಿದ ಮೇಲೆ ನೀವು ಹತ್ತಿರ ಬಂದಿರಿ.

“ಲೇಖನ ಓದಿದೆ ಸಾರ್. ಅರ್ಥ ಸರಿಯಾಗೈತೆ.”

ಆಗಲಾದರೂ ಹೇಳಬಹುದಿತ್ತು. ಸುತ್ತ ಯಾರೂ ಇರಲಿಲ್ಲ. ನಾನು ಅಂದದ್ದು — “ಹೌದಮ್ಮ, ಬಹಳ ವರ್ಷ ಹುಡುಕಿದೆ.”

ನೀವು ತಲೆಯಾಡಿಸಿದಿರಿ. ಏನಾದರೂ ಕೇಳಬೇಕಲ್ಲ ಎಂದು, ಈಗಲೂ ಹೀಬ್ರೂ ಓದುತ್ತೀರಾ ಎಂದು ಕೇಳಿದೆ. “ಇಲ್ಲ ಸಾರ್. ಅಕ್ಷರಾನೂ ಮರ್ತೋಗೈತೆ,” ಎಂದಿರಿ. ಬಸ್ಸಿಗೆ ಹೊತ್ತಾಯಿತೆಂದು ಹೊರಟಿರಿ.

ಈ ಪತ್ರದ ಒಂದು ಪ್ರತಿ ಸಮಿತಿಗೆ, ಇನ್ನೊಂದು ಪ್ರತಿ ಆ ಲೇಖನ ಅಚ್ಚಾದ ಪತ್ರಿಕೆಗೆ ಕಳಿಸಿದ್ದೇನೆ. ಬರುವ ಭಾನುವಾರ ಹಿರಿಯೂರಿನ ಚರ್ಚಿನ ಸಭೆಯಲ್ಲಿ ಎದ್ದು ನಿಂತು ಇದನ್ನೇ ಓದುತ್ತೇನೆ. “ಈ ವಯಸ್ಸಿನಾಗೆ ಯಾಕ್ ಸಾರ್, ಬಿಡ್ರಿ,” ಅಂದರು ನಮ್ಮ ಪಾದ್ರಿಗಳು. ಬಿಡುವುದಿಲ್ಲ. ಅರ್ಥ ನಿಮ್ಮದೆಂದು ಇನ್ನು ಎಲ್ಲರಿಗೂ ತಿಳಿಯುತ್ತದೆ. ಆದರೆ ಆರು ವರ್ಷ ಬಸ್ಸಿನಲ್ಲಿ ಬಂದು ಕಲಿತ ಭಾಷೆಯನ್ನು ನೀವು ಮರೆಯುವಂತೆ ಮಾಡಿದವನು ನಾನು — ಅದನ್ನು ಹೇಗೆ ಹಿಂದಿರುಗಿಸಲಿ, ನನಗೆ ತಿಳಿಯದು.