ನೇಪರ್‌ವಿಲ್‌ನ ನರಸಿಂಹ

ಡೌನರ್ಸ್ ಗ್ರೋವ್‌ನ ಹಳೇ ನಾಣ್ಯಗಳ ಅಂಗಡಿಯಲ್ಲಿ ನಾಣ್ಯಗಳ ಫೋಟೊ ತೆಗೆಯೋದು ನನ್ನ ಕೆಲಸ. ಅವುಗಳ ಮೇಲಿನ ಬೆಳ್ಳಿ ಮುಖಗಳನ್ನೇ ದಿನವಿಡೀ ನೋಡ್ತಾ ಕೂತರೆ, ಕಿಟಕಿಯಾಚೆಯ ಟ್ರೈನೂ ನೀರಿನೊಳಗೆ ತೇಲಿಹೋದ ಹಾಗೆ ಕಾಣುತ್ತೆ. ಅಂಥದೊಂದು ಮಧ್ಯಾಹ್ನ ಹತ್ತಿರದ ಊರು ನೇಪರ್‌ವಿಲ್‌ನಿಂದ ಕನ್ನಡದ ಆಂಟಿಯೊಬ್ಬರು ಬಂದು, ರೇಷ್ಮೆ ಚೀಲದಿಂದ ಪ್ರಾಚೀನ ಗ್ರೀಕ್ ನಾಣ್ಯವೊಂದನ್ನು ತೆಗೆದು ನನ್ನ ಮುಂದಿಟ್ಟರು. ಅದಕ್ಕೆ ಕುಂಕುಮ ಹಚ್ಚಿತ್ತು.

"ದೇವರದ್ದೊಂದು ಒಳ್ಳೇ ಫೋಟೊ ತೆಗೆದುಕೊಡಪ್ಪ. ಈ ಕಡೆ ನರಸಿಂಹ, ಆ ಕಡೆ ಗರುಡನ ಜೊತೆ ವಿಷ್ಣು. ನಮ್ಮ ಯಜಮಾನ್ರು ಯಾರೋ ತೀರಿಕೊಂಡವರ ಮನೆ ಸಾಮಾನು ಮಾರೋ ಎಸ್ಟೇಟ್ ಸೇಲಲ್ಲಿ ತಂದಿದ್ದು. ಪ್ರತಿ ಶನಿವಾರ ವಿಭೂತಿ ಹಾಕಿ ಬೆಳಗ್ತೀನಿ."

ಹಳೇ ನಾಣ್ಯವನ್ನು ಉಜ್ಜಲೇಬಾರದು. ಅದರ ಮೇಲಿನ ಮುಖದ ಮೂಗು ಆಗಲೇ ಅರ್ಧ ಸವೆದಿತ್ತು.

"ಆಂಟಿ, ಇದು ನರಸಿಂಹ ಅಲ್ಲ. ಸಿಂಹದ ಚರ್ಮ ಹೊದ್ದಿರೋ ಅಲೆಕ್ಸಾಂಡರ್ ಅಂತಾರೆ. ಹಿಂದಿರೋದು ಗ್ರೀಕರ ದೇವರು, ಕೈಮೇಲೆ ಹದ್ದು."

ಆಂಟಿ ನಾಣ್ಯವನ್ನು ಕೈಗೆತ್ತಿಕೊಂಡು ಎರಡೂ ಕಡೆ ತಿರುಗಿಸಿ ನೋಡಿದರು. ಅವರ ದೇವರನ್ನು ಕಿತ್ತುಕೊಂಡೆನಲ್ಲ ಅಂತ ನನಗೆ ಕಸಿವಿಸಿ.

"ನಮ್ಮ ದೇಶದ ತನಕ ಬಂದು ಅರ್ಧಕ್ಕೇ ವಾಪಸ್ ಹೋದನಲ್ಲ, ಅವನಾ?"

"ಅವನೇ ಆಂಟಿ."

"ಪಾಪ," ಅಂದರು, ನಾಣ್ಯವನ್ನು ಕಣ್ಣಿಗೊತ್ತಿಕೊಂಡು. "ಈಗ ನಮ್ಮ ದೇವರ ಮನೆಗೇ ಬಂದು ಸೇರಿದಾನಲ್ಲ. ಇರಲಿ ಬಿಡು."

ವಿಭೂತಿ ಹಾಕಿ ಉಜ್ಜಬೇಡಿ ಅನ್ನದೆಯೇ ಫೋಟೊ ತೆಗೆದುಕೊಟ್ಟೆ. ಈಗಲೂ ಶನಿವಾರ ಬಂದರೆ ರಾಜನ ಮೂಗು ನೆನಪಾಗುತ್ತೆ.