ಸಮಾಧಾನವನ್ನು ನಂಬದ ವೈದ್ಯೆ

ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರ ತೀವ್ರ ನಿಗಾ ಚಿಕಿತ್ಸೆಯಲ್ಲಿ ಸಂಶೋಧನೆ ನಡೆಸಿದವರು ಅನೇಕರಿದ್ದಾರೆ. ಆದರೆ ಪರರ ಫಲಿತಾಂಶಕ್ಕಿಂತ ತಮ್ಮದನ್ನೇ ಹೆಚ್ಚು ಅನುಮಾನಿಸಿದವರಲ್ಲಿ ನಮ್ಮ ಗುರುಗಳಿಗೇ ಮೊದಲ ಸ್ಥಾನ ಸಲ್ಲಬೇಕು. ವಾರ್ಡಿನಲ್ಲಿ ಅವರಿಗೆ ‘ಅನುಮಾನಮ್ಮ’ ಎಂಬ ಹೆಸರಿತ್ತು. ಅದು ಅವರಿಗೆ ಗೊತ್ತಿಲ್ಲವೆಂದು ನಂಬಿದ್ದವರು ನಾವು ಮಾತ್ರ.

ನಾನು ಶಿಷ್ಯನಾಗಿ ಸೇರುವ ಹೊತ್ತಿಗೆ ಅವರ ಕೀರ್ತಿ ದೂರ ಹಬ್ಬಿತ್ತು. ಬುರುಡೆಯೊಳಗೆ ಇಡುವ ಹೊಸದೊಂದು ಮಾಪಕದಿಂದ ಮಿದುಳಿನ ಒತ್ತಡವನ್ನು ಅಳೆದು, ಒತ್ತಡ ಏರದವರಿಗೆ ಶಸ್ತ್ರಚಿಕಿತ್ಸೆ ಬೇಡವೆಂದು ಅವರು ತೋರಿಸಿಕೊಟ್ಟಿದ್ದರು. ಒಂದು ಬೆಳಿಗ್ಗೆ ರೋಗಿಯ ಮಂಚದ ಪಕ್ಕ ನಿಂತಲ್ಲೇ ನಾನು ತೂಕಡಿಸಿದಾಗ, “ನಿದ್ದೆಗಣ್ಣಲ್ಲಿ ಬರೆದ ಅಂಕೀನ ನಾನು ನಂಬಲ್ಲ, ಹೋಗಿ ಮಲಗಿ” ಎಂದು ಕಳುಹಿಸಿ, ನನ್ನ ಕೆಲಸವನ್ನು ತಾವೇ ಮಾಡಿದರು. ಅವರ ಕರುಣೆ ಬರುತ್ತಿದ್ದುದೇ ಅನುಮಾನದ ವೇಷದಲ್ಲಿ.

ಆ ವರ್ಷವೇ ಕಟ್ಟಡದ ಸಾರುವೆಯಿಂದ ಬಿದ್ದ ಬಣ್ಣ ಬಳಿಯುವ ಕೆಲಸಗಾರನೊಬ್ಬ ದಾಖಲಾದ. ಮಾಪಕ ಇಟ್ಟು ಕೆಲವು ದಿನ ಕಳೆದರೂ ಪರದೆಯ ಮೇಲೆ ಅವನ ಒತ್ತಡ ಸಹಜವಾಗಿಯೇ ಇತ್ತು. ಎಲ್ಲರೂ ನೆಮ್ಮದಿಯಿಂದಿದ್ದೆವು, ಅವನ ಹೆಂಡತಿಗೂ ಹಾಗೆಯೇ ಹೇಳಿದ್ದೆವು. ಗುರುಗಳು ಮಾತ್ರ ಪರದೆಯ ಮುಂದಿನಿಂದ ಕದಲಲಿಲ್ಲ. ಗಂಟಲಿನ ಕಫ ತೆಗೆಯಲು ನರ್ಸಿಗೆ ಹೇಳಿದರು. ರೋಗಿ ಕೆಮ್ಮಿದ. ಅಂಕಿ ಹಾಗೇ ಇತ್ತು.

“ಕೆಮ್ಮಿದ್ರೆ ಯಾರ ತಲೆಯ ಒತ್ತಡ ಆದ್ರೂ ಏರಬೇಕು. ಇದು ಒತ್ತಡ ಅಳೀತಿಲ್ಲ, ನಮ್ಮನ್ನ ಸಮಾಧಾನ ಮಾಡ್ತಿದೆ” ಎಂದರು.

ಕಣ್ಣಿಗೆ ಬೆಳಕು ಹಾಯಿಸಿದಾಗ ಒಂದು ಪಾಪೆ ಹಿಗ್ಗಿಯೇ ಉಳಿಯಿತು. ಸ್ಕ್ಯಾನಿನಲ್ಲಿ ಮಿದುಳು ಊದಿಕೊಂಡಿರುವುದು ಕಂಡಿತು. ಕೂಡಲೇ ಬುರುಡೆ ತೆರೆದದ್ದರಿಂದ ಅವನು ಬದುಕಿದ.

ಅಲ್ಲಿಗೆ ಬಿಟ್ಟಿದ್ದರೆ ಅದು ಅವರ ಹಿರಿಮೆಯ ಕಥೆಯಾಗುತ್ತಿತ್ತು. ಅವರು ಬಿಡಲಿಲ್ಲ. ಒಳಗಿಟ್ಟ ಕೆಲವು ದಿನಗಳಲ್ಲಿ ಆ ಮಾಪಕ ಕೆಲವರಲ್ಲಿ ಕಡಿಮೆ ಒತ್ತಡ ತೋರಿಸತೊಡಗುತ್ತದೆಂದು ಪರೀಕ್ಷಿಸಿ ತಿಳಿದುಕೊಂಡರು. ತಮಗೆ ಹೆಸರು ತಂದ ಪ್ರಬಂಧ ನಿಂತದ್ದೂ ಅದೇ ಮಾಪಕದ ಮೇಲೆ. ಅದನ್ನು ತಾವೇ ಹಿಂತೆಗೆದುಕೊಂಡರು.

ಆಮೇಲೆ ಎದ್ದ ಗುಸುಗುಸು ಅಷ್ಟಿಷ್ಟಲ್ಲ. ಮಾಪಕ ತಯಾರಿಸುವ ಬೇರೆ ಕಂಪನಿಯವರು ಅವರನ್ನು ಬುಟ್ಟಿಗೆ ಹಾಕಿಕೊಂಡಿದ್ದಾರೆ ಎಂದರು ಕೆಲವರು. ಇನ್ನೂ ದೊಡ್ಡ ತಪ್ಪನ್ನು ಮುಚ್ಚಲು ಸಣ್ಣದನ್ನು ಒಪ್ಪಿಕೊಂಡಿದ್ದಾರೆ ಎಂದರು ಮತ್ತೆ ಕೆಲವರು. ಅವರು ಬಂದರೆ ಕ್ಯಾಂಟೀನಿನ ಮೇಜುಗಳಲ್ಲಿ ಮಾತು ನಿಲ್ಲುತ್ತಿತ್ತು. ಹಾಗೆ ಮಾತು ನಿಲ್ಲಿಸಿದವರಲ್ಲಿ ಒಂದಿಬ್ಬರ ಲೇಖನಗಳು, ಗುರುಗಳ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದಲ್ಲಿಯೂ ಇವೆ. ಓದುಗರು ಅವರ ಹೊಗಳಿಕೆಯ ವಿಶೇಷಣಗಳನ್ನು ತುಸು ತೂಗಿ ನೋಡಬೇಕೆಂದು ವಿನಂತಿ. ತನಿಖೆಗೆ ಬಂದ ಹೊರಗಿನ ವೈದ್ಯರಿಗೆ ಗುರುಗಳು ಹೇಳಿದ್ದಿಷ್ಟೇ: “ನನ್ನಿಂದಲೇ ಶುರು ಮಾಡಿ.” ಅವರು ಹಾಗೆಯೇ ಮಾಡಿದರು. ಮಾಪಕದ ದೋಷ ನಿಜವೆಂದೂ, ಗುರುಗಳಲ್ಲಿ ಮೋಸವಿಲ್ಲವೆಂದೂ ತೀರ್ಮಾನವಾಯಿತು.

ಆ ಪ್ರಬಂಧಕ್ಕೆ ಆಧಾರವಾದ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆ ಇಲ್ಲದೆ ತೀರಿಕೊಂಡವರ ಮನೆಗಳಿಗೆ ಗುರುಗಳು ಹೋದರು. ಒಂದು ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಮೃತರ ಮಗಳು, ಶಾಲಾ ಶಿಕ್ಷಕಿ, ನಮ್ಮನ್ನು ಕೂರಲು ಹೇಳಲಿಲ್ಲ.

“ಆಪರೇಷನ್ ಮಾಡಿದ್ರೆ ನಮ್ಮಮ್ಮ ಉಳೀತಿದ್ರಾ?”

“ಗೊತ್ತಿಲ್ಲಮ್ಮ. ಉಳೀತಿದ್ರು ಅನ್ನೋಕೆ ಆಧಾರ ಇಲ್ಲ. ಉಳೀತಿರ್ಲಿಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ.”

“ಇಷ್ಟು ವರ್ಷ ಬಿಟ್ಟು ಈಗ ಬಂದಿದೀರ ಅಂದ್ರೆ, ನೀವು ಇನ್ನೂ ಏನೋ ಮುಚ್ಚಿಡ್ತಿದೀರ.”

“ಹಾಗೆ ಅನ್ಸೋದು ಸರಿ. ಬಂದು ನೋಡಿ, ಕೇಳಿ. ಯಾವಾಗ ಬೇಕಾದ್ರೂ.”

ಆ ಶಿಕ್ಷಕಿ ಬಂದರು, ಮತ್ತೆ ಮತ್ತೆ ಬಂದರು. ನಾವು ಉತ್ತರಿಸಲಾಗದ ಪ್ರಶ್ನೆಗಳನ್ನೇ ಹೆಕ್ಕಿ ತರುತ್ತಿದ್ದರು. ಕೊನೆಗೆ ಗುರುಗಳ ಒತ್ತಾಯದಿಂದ, ಹೊಸ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಸಮಿತಿಯಲ್ಲಿ ರೋಗಿಗಳ ಮನೆಯವರ ಪರವಾಗಿ ಒಂದು ಕುರ್ಚಿ ಹುಟ್ಟಿತು. ಅದರಲ್ಲಿ ಆ ಶಿಕ್ಷಕಿಯೇ ಕುಳಿತರು, ಇಂದಿಗೂ ಕುಳಿತಿದ್ದಾರೆ. ಕ್ಷಮಿಸಿದೆನೆಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ.

ನಿವೃತ್ತಿಯ ನಂತರವೂ ಗುರುಗಳು ಒತ್ತಡಮಾಪಕಗಳ ವಿಶ್ವಾಸಾರ್ಹತೆಯ ಕುರಿತು ಕೆಲಸ ಮುಂದುವರಿಸಲಿದ್ದಾರೆ. ಅದರ ಮೊದಲ ಯೋಜನೆಯನ್ನು ಆ ಶಿಕ್ಷಕಿ, ಸಾಲು ಸಾಲಿಗೂ ಪ್ರಶ್ನೆ ಹಾಕಿ, ಕಳೆದ ವಾರ ಹಿಂದಿರುಗಿಸಿದ್ದಾರೆ. ಗುರುಗಳು ಆರೋಗ್ಯದಿಂದ ನೂರ್ಕಾಲ ಬಾಳಲಿ. ಆ ಪ್ರಶ್ನೆಗಳಿಗೆ ಅಷ್ಟು ಕಾಲವಾದರೂ ಬೇಕು.