ಏಳು ಮನೆಯ ಡಬ್ಬಿ

ದೊಡ್ಡಬಳ್ಳಾಪುರದ ಹತ್ತಿರದ ಹಳ್ಳಿ ಮಧುರೆಯ ಸೂಲಗಿತ್ತಿ ಮುನಿತಾಯಮ್ಮನಿಗೆ ಊರಿನ ಯಾವ ಮನೆಯ ಬಾಗಿಲೂ ಅಡ್ಡವಿರಲಿಲ್ಲ. ಬಂದವಳು ನಡುಮನೆಯಲ್ಲಿ ನಿಲ್ಲುವವಳಲ್ಲ, ನೇರ ಒಲೆಯ ಮುಂದೆ ಹೋಗಿ ಕುಕ್ಕುರುಗಾಲಲ್ಲಿ ಕೂರುವವಳು. ಗಡಿಗೆಯ ಮುಚ್ಚಳ ಎತ್ತಿ ನೋಡುವ ಹಕ್ಕನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ, ಅವಳೇ ತೆಗೆದುಕೊಂಡಿದ್ದಳು. "ಹಸೀ ಬಾಣಂತಿಗೆ ಇದೇನೇ ಬಡಿಸ್ತಿರೋದು?" ಎಂದು ಅತ್ತೆಯಂದಿರನ್ನು ಗದರಿಸಿದರೂ ಅವರು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಆ ಅತ್ತೆಯಂದಿರ ಹೆರಿಗೆ ಮಾಡಿಸಿದವಳೂ ಅವಳೇ ಅಲ್ಲವೇ.

ಅವಳಿಗೆ ಗಂಡ ಹೋಗಿ ಇಪ್ಪತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಯಾರಾದರೂ ಆ ಮಾತೆತ್ತಿದರೆ, "ಯಾಕಿಲ್ಲ? ಬೀದಿ ತುಂಬಾ ಓಡಾಡ್ತಾವೆ, ಎಣಿಸ್ಕೋ ಹೋಗು" ಅನ್ನುತ್ತಿದ್ದಳು.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಒಂದು ಗುರುವಾರ ಸೈಕಲ್ ತುಳಿದುಕೊಂಡು ಒಬ್ಬ ಹುಡುಗ ಊರಿಗೆ ಬಂದ. ಇಪ್ಪತ್ತನಾಲ್ಕರ ಪ್ರಾಯ, ಕನ್ನಡಕ, ಕುತ್ತಿಗೆಯ ಮೂಳೆ ಎಣಿಸುವ ಹಾಗಿದ್ದ. ಹೆಸರು ಸಂಜೀವಪ್ಪ. ದೊಡ್ಡಬಳ್ಳಾಪುರದ ನೇಯ್ಗೆಯವರ ಮಗ. ನೂಲು ಸಿಗದೆ ಮನೆಯ ಮಗ್ಗ ನಿಂತಿತ್ತು, ಆದರೂ ಓದು ಬಿಡದೆ ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಸಂಶೋಧನೆ ಮಾಡುತ್ತಿದ್ದ. ಎರಡು ವರ್ಷದಲ್ಲಿ ಒಂದು ಪ್ರಬಂಧ ಬರೆದು ಪ್ರೊಫೆಸರ ಕೈಗಿಡಬೇಕಿತ್ತು. ಶಾಲೆಯಲ್ಲಿ ಮಕ್ಕಳ ಕಣ್ಣು ಬಾಯಿ ನೋಡಿ, ಬರೆದುಕೊಂಡು, ಆಮೇಲೆ ಮುನಿತಾಯಮ್ಮನ ಜಗುಲಿಗೆ ಬಂದು ಕೂತ.

"ಅಮ್ಮಾ, ಈ ಊರಿನ ಎಷ್ಟೋ ಮಕ್ಕಳಿಗೆ ಹೊತ್ತು ಮುಳುಗಿದ್ರೆ ಕಣ್ಣು ಕಾಣಲ್ಲ. ಬಾಯಿ ಅಂಚು ಸೀಳ್ಕೊಂಡಿರ್ತೈತೆ. ಯಾಕೆ ಅಂತ ಗೊತ್ತಾಗ್ಬೇಕು. ಏಳು ಮನೆ ಸಾಕು ನಂಗೆ. ಗುರುವಾರ ಗುರುವಾರ ಮಗೂಗೆ ಏನು ಬಡಿಸ್ತಾರೋ ಅಷ್ಟನ್ನೇ ಒಂದು ಡಬ್ಬೀಗೂ ಹಾಕ್ಲಿ. ನಾನು ತಗೊಂಡೋಗಿ ಒಂದಿಷ್ಟನ್ನ ಔಷಧದ ನೀರಲ್ಲಿ ಕರಗಿಸ್ತೀನಿ, ಒಂದಿಷ್ಟನ್ನ ಸುಟ್ಟು ಬೂದಿ ಮಾಡಿ ನೋಡ್ತೀನಿ."

"ಸುಟ್ಟು?"

"ಹೂಂ, ಬೂದಿ ಆಗೋವರ್ಗೂ."

ಮುನಿತಾಯಮ್ಮ ಅವನ ಕುತ್ತಿಗೆಯ ಮೂಳೆ ನೋಡಿದಳು. ಮೊಣಕೈ ನೋಡಿದಳು. "ಆಗ್ಲಿ ಬಿಡಪ್ಪಾ, ನಾನು ಹೇಳ್ತೀನಿ" ಎಂದಳು.

ಅವತ್ತು ಸಂಜೆ ಬಾವಿಕಟ್ಟೆಯಲ್ಲಿ ಏಳೂ ಮನೆಯ ಹೆಂಗಸರು ಸೇರಿದರು. ಮೊದಲು ಬಾಯಿ ಬಿಟ್ಟವಳು ಪಾಪಕ್ಕ.

"ಅನ್ನ ಯಾರಾದ್ರೂ ಸುಡ್ತಾರೇನಕ್ಕಾ? ಕೇಳಿದ್ರೆ ಕಿವಿಗೆ ಪಾಪ ಸುತ್ಕೊಳ್ಳುತ್ತೆ."

"ಸುಡೋದೂ ಇಲ್ಲ, ಗಿಡೋದೂ ಇಲ್ಲ" ಎಂದಳು ಮುನಿತಾಯಮ್ಮ. "ಏಳು ಮನೆ ಅಂದ್ನಲ್ಲ, ಅಲ್ಲೇ ಗೊತ್ತಾಯ್ತು. ಇದು ವಾರಾನ್ನ ಕಣ್ರೇ."

ಬಡ ಹುಡುಗರು ವಾರಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ಓದುವುದನ್ನು ಅವರೆಲ್ಲ ಕೇಳಿ ಬಲ್ಲರು. ಆದರೂ ಪಾಪಕ್ಕನಿಗೆ ಅನುಮಾನ. "ನೇಯ್ಗೆಯೋರ ಹುಡುಗ ನಮ್ಮ ಮನೇಲಿ ಉಣ್ತಾನಾ?"

"ಅದಕ್ಕೇ ಅಲ್ವೇನೇ ಡಬ್ಬಿ? ಯಾರ ಕಣ್ಣಿಗೂ ಬೀಳ್ದಂಗೆ ಉಣ್ಲಿ ಪಾಪ. ಹಸಿವು ಅಂತ ಬಾಯಿ ಬಿಟ್ಟು ಹೇಳಕ್ಕೆ ನಾಚ್ಕೊಂಡು ಸುಡ್ತೀನಿ ಅಂತಾನೆ. ನೀವೂ ಹೂಂ ಅಂದ್ಬಿಡಿ. ಯಾರೂ ಕೆದಕ್ಬೇಡಿ."

ಯಾರೂ ಕೆದಕಲಿಲ್ಲ. ಓದುವ ಹುಡುಗನಿಗೆ ಮನೆಯಿಂದ ಹೋಗುವ ಊಟ. ಅದರಲ್ಲಿ ದಿನಾ ತಾವುಣ್ಣುವ ಹುಣಿಸೆ ನೀರು ಹಾಕಿ ಕಳಿಸಿದರೆ ಮನೆಯ ಮರ್ಯಾದೆ ಏನಾದೀತು? ಗುರುವಾರ ಬಂತೆಂದರೆ ಏಳು ಮನೆಯಲ್ಲೂ ಬೇಳೆ ಬೇಯುತ್ತಿತ್ತು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಯ ಸಾರು. ಡಬ್ಬಿಯೊಳಗಿನ ಮುದ್ದೆಗೆ ಗುಳಿ ತೋಡಿ ತುಪ್ಪ. ತಟ್ಟೆ ಹಿಡಿದು ಒಲೆಯ ಹತ್ತಿರ ಬಂದ ಮಕ್ಕಳಿಗೆ, "ಅದು ಓದೋ ಅಣ್ಣಂಗೆ, ಮುಟ್ಬೇಡ" ಎನ್ನುವುದು ವಾಡಿಕೆಯಾಯಿತು. ಮುನಿತಾಯಮ್ಮ ಮನೆಮನೆಗೂ ಹೋಗಿ ಡಬ್ಬಿ ಕಲೆಹಾಕಿ, ಬಟ್ಟೆಯಲ್ಲಿ ಬಿಗಿದು, ಸೈಕಲ್ಲಿನ ಹಿಂದೆ ಕಟ್ಟುವಳು. "ಬಿಸಿ ಇರುವಾಗ್ಲೇ..." ಎಂದು ಶುರುಮಾಡಿ ನುಂಗಿಕೊಂಡು, "ಸುಟ್ಬಿಡಪ್ಪಾ" ಅನ್ನುವಳು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವರು.

ಹೀಗೆ ಒಂದು ವರ್ಷ ಎರಡು ತಿಂಗಳು ಕಳೆಯಿತು.

ಆಮೇಲೊಂದು ಗುರುವಾರ ಸಂಜೀವಪ್ಪ ಡಬ್ಬಿ ತರದೆ ಬರಿಗೈಯಲ್ಲಿ ಬಂದ. ಜಗುಲಿಯ ಮೇಲೆ ಕೂತವನು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದ, ಒರೆಸುತ್ತಲೇ ಇದ್ದ.

"ಇವತ್ತು ಹೇಳಿಹೋಗಾಕೆ ಬಂದೆ ಅಮ್ಮಾ. ಓದು ಬಿಡ್ತಾ ಇದ್ದೀನಿ."

"ಅಯ್ಯೋ, ಯಾಕ್ಲಾ ಮಗಾ?"

"ನನ್ನ ಕೈ ಸರಿಯಿಲ್ಲ. ನನ್ನ ಲೆಕ್ಕದ ಪ್ರಕಾರ ಈ ಏಳು ಮನೆ ಮಕ್ಕಳಿಗೆ ಯಾವ ಕೊರತೇನೂ ಇಲ್ಲ. ಬೇಳೆ, ಜಿಡ್ಡು, ಕಣ್ಣಿಗೆ ಬೇಕಾದ ಸತ್ವ ಎಲ್ಲ ಐತೆ. ಹಂಗಾದ್ರೆ ಕಣ್ಣು ಯಾಕೆ ಮಂಜಾಗ್ಬೇಕು? ಮೂರು ಸಲ ಮಾಡ್ದೆ, ಮೂರು ಸಲಾನೂ ಹಂಗೇ ಬಂತು. ಪ್ರೊಫೆಸರು, 'ಹಾಳೆ ಮೇಲೆ ಮಕ್ಕಳು ಗುಂಡುಕಲ್ಲು, ಶಾಲೇಲಿ ನೋಡಿದ್ರೆ ರೋಗಿಗಳು. ತೂಗೋಕೇ ಬರದೋನಿಗೆ ಸಂಶೋಧನೆ ಯಾಕೆ' ಅಂದ್ರು. ಅವರು ಹೇಳೋದು ಸರಿಯಾಗೇ ಐತೆ. ಅಣ್ಣನ ಜೊತೆ ಮಗ್ಗದ ಮೇಲೆ ಕೂತ್ಕೋತೀನಿ."

ಮುನಿತಾಯಮ್ಮನಿಗೆ ಈಗ ಹೊಳೆಯಿತು. ಹಾಗಾದರೆ ಇವನು ನಿಜವಾಗಿ ಸುಡುತ್ತಿದ್ದ! ಅಷ್ಟು ಗುರುವಾರದ ಬೇಳೆ, ಅಷ್ಟು ತುಪ್ಪ, ಎಲ್ಲ ಬೂದಿ. ಸಿಟ್ಟು ಬಂತು, ಬಂದ ಸಿಟ್ಟು ಅವನ ಮುಖ ನೋಡಿ ಇಳಿದೂ ಹೋಯಿತು. ಬಾಯಿ ಬಿಟ್ಟರೆ ಏಳು ಮನೆಯ ಗಡಿಗೆಯ ಒಳಗು ಬೀದಿಗೆ ಬೀಳುತ್ತದೆ. ಬಿಡದಿದ್ದರೆ ಈ ಹುಡುಗ ತನ್ನ ಕೈಯೇ ಕೆಟ್ಟದ್ದೆಂದು ಜೀವನಪೂರ್ತಿ ನಂಬಿಕೊಂಡು ಇರುತ್ತಾನೆ. ಮಗು ಅಡ್ಡ ತಿರುಗಿದಾಗ ಬಸುರಿಯ ತಾಯಿಗೆ ಸುಳ್ಳು ಹೇಳಿದವಳಲ್ಲ ಅವಳು.

"ನಿನ್ನ ಕೈ ಸರಿಯಾಗೇ ಐತೆ ಕಣಪ್ಪಾ" ಎಂದಳು. "ಕೆಟ್ಟಿದ್ದು ನನ್ನ ಬುದ್ಧಿ. ನೀನು ಹಸ್ಕೊಂಡು ಕೇಳ್ತಿದ್ದೀಯ ಅನ್ಕೊಂಡೆ. ಒಳ್ಳೇದೇ ಹಾಕಿ ಅಂತ ಎಲ್ರಿಗೂ ನಾನೇ ಹೇಳ್ದೆ. ಆ ತುಪ್ಪ ಮಕ್ಕಳು ಕಂಡಿದ್ದೇ ಇಲ್ಲ. ಡಬ್ಬೀಲಿ ಇದ್ದಿದ್ದು ಒಂದು, ತಟ್ಟೇಲಿ ಇದ್ದಿದ್ದು ಒಂದು."

ಸಂಜೀವಪ್ಪ ಕನ್ನಡಕ ಹಾಕಿಕೊಳ್ಳುವುದನ್ನೇ ಮರೆತ. ಒಂದು ವರ್ಷ ಎರಡು ತಿಂಗಳ ಕೆಲಸ ಹೋಯಿತೆಂದು ಅಳಬೇಕೋ, ಕೈ ಉಳಿಯಿತೆಂದು ನಗಬೇಕೋ ಅವನಿಗೆ ತಿಳಿಯಲಿಲ್ಲ. ಆಮೇಲೆ ತಲೆ ತಗ್ಗಿಸಿ, "ಒಂದು ಮಾತು ನಾನೂ ಹೇಳ್ಬೇಕು" ಎಂದ. "ಒಂದ್ಸಲ ಬೆಳಗಿಂದ ಏನೂ ತಿಂದಿರ್ಲಿಲ್ಲ. ದಾರೀಲಿ ಹೊಂಗೇಮರದ ಕೆಳಗೆ ಕೂತು ಒಂದು ಡಬ್ಬಿ ಪೂರ್ತಿ ತಿಂದ್ಬಿಟ್ಟೆ. ಪುಸ್ತಕದಲ್ಲಿ 'ಸಾರು ಚೆಲ್ಲಿಹೋಯಿತು' ಅಂತ ಬರ್ದೆ."

"ಯಾರ ಮನೇದು?"

"ರುಕ್ಮಿಣಮ್ಮನೋರದು. ಹಿತಕಿದ ಬೇಳೆ."

ಮುನಿತಾಯಮ್ಮ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ಹಂಗಾದ್ರೆ ನಾನು ಪೂರಾ ದಡ್ಡಿ ಅಲ್ಲ. ಏಳು, ಪ್ರೊಫೆಸರ ಹತ್ರ ಹೋಗಿ ನಡೆದದ್ದು ನಡೆದಂಗೆ ಹೇಳು. ಇನ್ನೊಂದು ವರ್ಷ ಕೇಳ್ಕೊಂಡು ಬಾ. ಡಬ್ಬಿ ಮಾತು ನನಗೆ ಬಿಡು."

ಪ್ರೊಫೆಸರು ಮೊದಲು ಬೈದು, ಆಮೇಲೆ ತಾವೂ ನಕ್ಕು, ಒಂದು ವರ್ಷ ಕೊಟ್ಟರು. ಇತ್ತ ಮುನಿತಾಯಮ್ಮನ ಕೆಲಸ ಅಷ್ಟು ಸಲೀಸಾಗಲಿಲ್ಲ. ಆರು ಮನೆಯವರು ಗೊಣಗಿ ಒಪ್ಪಿದರು. ರುಕ್ಮಿಣಮ್ಮ ಸುತರಾಂ ಒಪ್ಪಲಿಲ್ಲ. ಅವಳ ಮಗಳು ಪಿಳ್ಳಮ್ಮನಿಗೇ ಊರಿನಲ್ಲೆಲ್ಲ ಹೆಚ್ಚು ಕಣ್ಣು ಮಂಜು. ದೀಪ ಹಚ್ಚುವ ಹೊತ್ತಿಗೆ ಗೋಡೆ ತಡವಿಕೊಂಡು ಓಡಾಡುತ್ತಿದ್ದಳು.

"ನಮ್ಮನೇಲಿ ಬರೀ ಹುಣಿಸೆ ನೀರು ಅಂತ ಬೆಂಗಳೂರಿನ ಪುಸ್ತಕದಲ್ಲಿ ಬರೆಸ್ತೀಯೇನು? ಹುಟ್ಟಿದ ಮನೆ, ಸೇರಿದ ಮನೆ ಎರಡರ ಮಾನಾನೂ ತೆಗಿಯಕ್ಕೆ ಬಂದ್ಯಾ?"

"ಹೆಸರು ಹಾಕಲ್ಲ ಕಣೇ. ಬರೀ ನಂಬರು."

"ನಂಬರಿಗೂ ಮಾನ ಇರ್ತದೆ!"

ಮುನಿತಾಯಮ್ಮ ಅಲ್ಲೇ ಒಲೆಯ ಮುಂದೆ ಕೂತಳು. "ನೋಡು ರುಕ್ಮಿಣಿ. ಪಿಳ್ಳಮ್ಮನ್ನ ಈ ಕೈಯಲ್ಲೇ ಹಿಡ್ಕೊಂಡೆ. ಕಣ್ಣು ಬಿಟ್ಟು ಮೊದಲು ನೋಡಿದ್ದು ನನ್ನ ಮುಖ. ನಾವು ಮಾನ ಕಾಯ್ತೀವಿ ಅಂತ ಆ ಕಣ್ಣಿಗೆ ಬೇಕಾದ್ದನ್ನ ಡಬ್ಬೀಗೆ ಹಾಕಿ ಕಳ್ಸಿದ್ವಿ. ಅದು ನಾನು ಮಾಡ್ಸಿದ ತಪ್ಪು. ನನ್ನ ಕೈಲಿ ಇನ್ನೊಂದ್ಸಲ ಮಾಡಿಸ್ಬೇಡ."

ರುಕ್ಮಿಣಮ್ಮ ಒಲೆಯೊಳಕ್ಕೆ ಇನ್ನೊಂದು ಸೌದೆ ತಳ್ಳಿದಳು. ಕೊನೆಗೆ, "ಹಾಕ್ತೀನಿ. ಆದ್ರೆ ಒಂದು ಕರಾರು" ಎಂದಳು. "ಓದೋ ಹುಡುಗ ಊರಿಗೆ ಬಂದು ಬರೀ ಹೊಟ್ಟೇಲಿ ಹೋಗಕೂಡ್ದು. ಡಬ್ಬೀಗೆ ಹಾಕೋದನ್ನ ಸುಡ್ಲಿ, ಬಿಡ್ಲಿ. ವಾರಕ್ಕೊಂದು ಮನೇಲಿ ಎಲ್ರ ಎದುರಿಗೆ ಕೂತು ಉಣ್ಣಲಿ. ಮಕ್ಕಳ ಪಕ್ಕದಲ್ಲಿ, ಮಕ್ಕಳು ಉಣ್ಣೋದನ್ನೇ."

ಮುಂದಿನ ಗುರುವಾರ ಮುನಿತಾಯಮ್ಮನ ಜಗುಲಿಯ ಮೇಲೆ ಏಳು ಡಬ್ಬಿ ಸಾಲಾಗಿ ನಿಂತವು. ಸಂಜೀವಪ್ಪ ಒಂದೊಂದಾಗಿ ಮುಚ್ಚಳ ತೆಗೆದ. ಸಣ್ಣ ಮುದ್ದೆ, ಹುಣಿಸೆ ನೀರು, ಸುಟ್ಟ ಮೆಣಸಿನಕಾಯಿ. ಒಂದರಲ್ಲಿ ಬರೀ ಅಂಬಲಿ. ಇನ್ನೊಂದರಲ್ಲಿ ಉಪ್ಪು, ಈರುಳ್ಳಿಯ ಚೂರು. ಏಳನೆಯದರ ಮುಚ್ಚಳ ಹಿಡಿದುಕೊಂಡೇ ಅವನು ಮತ್ತೆ ಮೊದಲನೆಯ ಡಬ್ಬಿಯತ್ತ ನೋಡಿದ.

"ಏನಪ್ಪಾ, ಹೆದರಿಬಿಟ್ಯಾ?" ಎಂದಳು ಮುನಿತಾಯಮ್ಮ.

"ಇಲ್ಲಮ್ಮಾ."

"ಹಂಗಾದ್ರೆ ಬರ್ಕೋ. ಸರಿಯಾಗಿ ತೂಗಿ ಬರ್ಕೋ. ಮಾಡಿದ ಕೆಲ್ಸ ಈ ಸಲಾನಾದ್ರೂ ಮಕ್ಕಳಿಗೆ ಮುಟ್ಟಲಿ."

ಅವನು ತಕ್ಕಡಿ ತೆಗೆದ. ಏಳೂ ತೂಕವಾದ ಮೇಲೆ ಅವಳು ಅವನ ಕೈಗೆ ಚೊಂಬಿನ ನೀರು ಹುಯ್ದಳು. ರುಕ್ಮಿಣಮ್ಮನ ಬಾಗಿಲಲ್ಲಿ ಪುಟ್ಟ ಪಿಳ್ಳಮ್ಮ ಚಾಪೆ ಹಾಸಿಕೊಂಡು, ಎರಡು ತಟ್ಟೆ ಮುಂದಿಟ್ಟುಕೊಂಡು, "ಅಣ್ಣಾ, ಬೇಗ ಬಾರೋ, ಹೊತ್ತು ಮುಳುಗಿದ್ರೆ ನಂಗೆ ತಟ್ಟೆ ಕಾಣಲ್ಲ" ಎಂದು ಕೂಗುತ್ತಿದ್ದಳು.

ಸಂಜೀವಪ್ಪ ಒದ್ದೆ ಕೈಯಲ್ಲೇ ಓಡಿದ.